ಸಂಬಳ ಎಷ್ಟು ಬರ್ತದ್ರೀ?

ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲನಿಯಲ್ಲಿ ಬಾಡಿಗೆ ಮನೆ ಹುಡುಕುವವನಿಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ಒಂದು, ಊರು ಯಾವುದು. ಎರಡು, ಸಂಬಳ ಎಷ್ಟು. ಮೊದಲನೆಯದಕ್ಕೆ ರಾಯಚೂರೋ ಬೀದರೋ ಕಲಬುರ್ಗಿಯೋ ಅಂದು ಪಾರಾಗಬಹುದು. ನಿಜಾಮರ ಕಾಲದ ಹಳೇ ನೆಂಟಸ್ತನ. ಎರಡನೆಯದಕ್ಕೆ ತಡವರಿಸದೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ಅದರಲ್ಲೂ ಮಿಲಿಟರಿ ಅಧಿಕಾರಿಗಳು. ನಮ್ಮ ಓಣಿಯಲ್ಲೊಬ್ಬರು ಧಾರವಾಡ ಕಡೆಯ ನಿವೃತ್ತ ಮೇಜರ್ ಸಾಹೇಬರಿದ್ದಾರೆ. ಅವರನ್ನು ಕೇಳಿದರೆ, "ಯಾವುದು ಹೇಳ್ಲಿ? ನಂದೋ, ನನ್ನ ಹೆಗಲ ಪಟ್ಟಿದೋ, ಚಳಿದೋ?" ಅಂತ ನಗ್ತಾರೆ.

ನಮ್ಮ ಮನೆಯಲ್ಲಿ ಇದು ಬರೀ ತಮಾಷೆಯಾಗಿ ಉಳಿಯಲಿಲ್ಲ. ವಾಯುಪಡೆಯ ಅಕಾಡೆಮಿಯಿರುವ ದುಂಡಿಗಲ್ ನಮಗೆ ದೂರವಲ್ಲ. ತರಬೇತಿ ವಿಮಾನಗಳನ್ನು ನೋಡುತ್ತ ಬೆಳೆದ ನಮ್ಮಣ್ಣ ಡಿಗ್ರಿ ಮುಗಿಸಿ, ಸೈನ್ಯದಲ್ಲಿ ಅಧಿಕಾರಿಯಾಗ್ತೀನಿ ಅಂತ ಹಟ ಹಿಡಿದ. ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಏನು ಕೊಡ್ತಾರಂತೆ?" ಮೇಜರ್ ಸಾಹೇಬರು ಕಾಫಿ ಲೋಟ ಕೆಳಗಿಟ್ಟು ಲೆಕ್ಕ ಬಿಡಿಸಿದರು.

ಮೊದಲು "ನಂದು". 2016ರ ಜನವರಿಯಿಂದ ಅನ್ವಯವಾದ ಏಳನೆಯ ವೇತನ ಆಯೋಗದಲ್ಲಿ ಲೆಫ್ಟಿನೆಂಟನ ಆರಂಭದ ಮೂಲವೇತನ 56,100 ರೂಪಾಯಿ. ಐ.ಎ.ಎಸ್. ಆದವನಿಗೂ ಶುರುವಿಗೆ ಅಷ್ಟೇ. ಅದರ ಮೇಲೆ ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ ಸೇನಾ ಸೇವಾ ವೇತನ ಅಂತ 15,500; ಖಾಯಂ ಸಿಪಾಯಿಗೆ 5,200. ಇದು ಮಾಡಿದ ಕೆಲಸಕ್ಕಲ್ಲ, ಬಿಟ್ಟುಕೊಟ್ಟದ್ದಕ್ಕೆ. ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ, ಬರೋದಿಲ್ಲ ಅನ್ನುವಂತಿಲ್ಲ. ಸಿಪಾಯಿ ಬಹುತೇಕ ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾನೆ, ಮಕ್ಕಳಿನ್ನೂ ಶಾಲೆಯಲ್ಲಿರುವಾಗ.

ಆಮೇಲೆ "ಹೆಗಲ ಪಟ್ಟಿದು". ನಾಲ್ಕನೆಯ ಆಯೋಗ 1986ರಿಂದ ದರ್ಜೆ ವೇತನ ಅಂತ ಒಂದನ್ನು ತಂದಿತು: ಕ್ಯಾಪ್ಟನ್‌ಗೆ 200 ರೂಪಾಯಿ, ಮೇಜರ್‌ಗೆ 600, ಬ್ರಿಗೇಡಿಯರ್‌ಗೆ 1,200. ಆದರೆ ಹೊಸ ಮೂಲವೇತನ ಗೊತ್ತುಮಾಡುವಾಗ ಅಷ್ಟೇ ಮೊತ್ತವನ್ನು ಕಳೆದುಬಿಟ್ಟರು. ಇದನ್ನು ಪ್ರಶ್ನಿಸಿ ಮೇಜರ್ ಎ. ಕೆ. ಧನಪಾಲನ್ ಎಂಬವರು ಕೇರಳ ಹೈಕೋರ್ಟಿಗೆ ಹೋದರು, 1998ರಲ್ಲಿ ಗೆದ್ದರು. ಉಳಿದ ಅಧಿಕಾರಿಗಳಿಗೂ ಅದು ಸಲ್ಲಬೇಕು ಅಂತ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು 2012 ಆಯಿತು. ಇಪ್ಪತ್ತಾರು ವರ್ಷ! ಅಮ್ಮ ಅಂದಳು, "ಮುಯ್ಯಿ ಕೊಟ್ಟು, ತಾಂಬೂಲದಾಗ ಕಸ್ಕೊಂಡಂಗಾಯ್ತು ಬಿಡ್ರಿ."

"ಚಳಿದು" ಹೇಳುವಾಗ ಸಾಹೇಬರ ದನಿ ತಗ್ಗಿತು. ಸಿಯಾಚಿನ್‌ನಲ್ಲಿರುವಷ್ಟು ಕಾಲ ತಿಂಗಳಿಗೊಂದು ಭತ್ಯೆ ಉಂಟು. 2017ರಲ್ಲಿ ಸರಕಾರ ಅದನ್ನು ಸಿಪಾಯಿಗೆ 14,000ದಿಂದ 30,000ಕ್ಕೆ, ಅಧಿಕಾರಿಗೆ 21,000ದಿಂದ 42,500ಕ್ಕೆ ಏರಿಸಿತು. ಸಿಪಾಯಿಗೆ ದಿನಕ್ಕೆ ಒಂದು ಸಾವಿರ ಅನ್ನಿ. ಅದಕ್ಕೆ ಹಿಂದಿನ ವರ್ಷ, 2016ರ ಫೆಬ್ರುವರಿ 3ರಂದು, ಅಲ್ಲಿ ಹಿಮಕುಸಿತವಾಗಿ ಹತ್ತು ಜನ ಹೂತುಹೋಗಿದ್ದರು. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಹಿಮದಡಿ ಜೀವಂತ ಸಿಕ್ಕರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. "ನಮ್ಮ ಕಡೆಯ ಹುಡುಗ," ಅಂದು ಸಾಹೇಬರು ಸುಮ್ಮನಾದರು.

"ಚಳಿ ಇಬ್ಬರಿಗೂ ಒಂದೇ ಅಲ್ವಾ ಸಾರ್? ರೊಕ್ಕ ಯಾಕೆ ಬೇರೆ?" ಅಂತ ನಾನು ಕೇಳಿದೆ. ಅವರಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಸಂಗತಿ ಮಾತ್ರ ಹೇಳಿದರು. ಅಂಥ ಎತ್ತರದ ಗಡಿಠಾಣೆಯಲ್ಲಿ ಹವಾಮಾನಕ್ಕೆ ಬಲಿಯಾದವರ ಮನೆಯವರಿಗೆ, ಏಳನೆಯ ಆಯೋಗದ ಪ್ರಕಾರ, ಕೇಂದ್ರ ಸರಕಾರದ ಪರಿಹಾರ 35 ಲಕ್ಷ. ಯುದ್ಧದಲ್ಲಿ ಸತ್ತರೆ 45 ಲಕ್ಷ. ಈ ಪರಿಹಾರದಲ್ಲಿ ಅಧಿಕಾರಿ, ಸಿಪಾಯಿ ಅನ್ನುವ ಭೇದವಿಲ್ಲ. ಅಂದರೆ ಬದುಕಿರುವತನಕ ದರ್ಜೆ ಪ್ರಕಾರ ಚಳಿ. ಸತ್ತ ಮೇಲೆ ಎಲ್ಲರೂ ಸಮಾನರು.

ದೇಶಸೇವೆಗೆ ಬೆಲೆ ಕಟ್ಟಲಾಗದು ಅಂತ ಆಗಸ್ಟ್ 15ರ ಭಾಷಣಗಳಲ್ಲಿ ಕೇಳುತ್ತ ಬಂದಿದ್ದೇವೆ. ಈ ಲೆಕ್ಕ ಕೇಳಿದ ಮೇಲೆ ನನಗೆ ಆ ಮಾತಿನ ಮೇಲೆ ಗುಮಾನಿ. ಬೆಲೆ ಕಟ್ಟಲಾಗದು ಅನ್ನುವುದು ಕೊಡಬೇಕಾದವನಿಗೆ ಬಹಳ ಅನುಕೂಲದ ಮಾತು. ದರ್ಜೆ ವೇತನಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿದ ಮೇಜರನ ದೇಶಭಕ್ತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿದ್ದಿಲ್ಲ. ಕೊಡ್ತೀವಿ ಅಂದದ್ದನ್ನು ಕೊಡಿ ಅಂತ ಕೇಳಿದರು, ಅಷ್ಟೇ.

ಅಣ್ಣ ಅರ್ಜಿ ತುಂಬಿದ್ದಾನೆ. ಅಮ್ಮ ಈಗ ಸಂಬಳದ ಮಾತೆತ್ತುವುದಿಲ್ಲ. ಅಲ್ಲಿ ಚಳಿ ಎಷ್ಟಿರ್ತದೆ ಅಂತ ಕೇಳ್ತಾಳೆ. ನಮ್ಮ ಕ್ಲಾಸಿನಲ್ಲೂ ಅದೇ ಪರೀಕ್ಷೆಗೆ ಓದುವ ನಾಲ್ಕಾರು ಗೆಳೆಯರಿದ್ದೀರಿ. ಹೋಗಿರಪ್ಪಾ, ಧಾರಾಳವಾಗಿ ಹೋಗಿ. ಮುಂದೆ ನಿಮ್ಮ ಕೈಕೆಳಗೆ ಬೆಟದೂರಿನಂಥ ಊರಿಂದ ಬಂದ ಹುಡುಗನೊಬ್ಬ ನಿಂತಿರುತ್ತಾನೆ. ನಿಮ್ಮ ಸಂಬಳದ ಚೀಟಿ ಓದಿ ಮುಗಿದ ಮೇಲೆ ಅವನದನ್ನೂ ಒಮ್ಮೆ ಓದಿ.