ಝೀರೋ ವಿಮಾನದ ಬಣ್ಣ ಹುಡುಕಿಕೊಂಡು ಟೋಕಿಯೋದಲ್ಲಿ

ಆನ್‌ಸೈಟ್ ಅಂತ ಮೂರು ತಿಂಗಳು ಟೋಕಿಯೋಗೆ ಹೋದಾಗ ಟೀಮಿನವರೆಲ್ಲ ಫ್ಯೂಜಿ ಪರ್ವತಕ್ಕೆ ಪ್ಲಾನ್ ಹಾಕ್ತಿದ್ರು. ಮೊದಲ ಶನಿವಾರ ನಾನು ಹೋಗಿದ್ದು ಬಣ್ಣದ ಅಂಗಡಿಗೆ. ಫೋನಲ್ಲಿ ಹೇಳಿದ್ರೆ ಅಮ್ಮ, "ಮೂವತ್ತಾಯ್ತು, ಇನ್ನೂ ಆಟದ ವಿಮಾನಾನೇನೋ?" ಅಂದಳು.

ಪ್ಲಾಸ್ಟಿಕ್ ತುಂಡು ಅಂಟಿಸಿ ಯುದ್ಧವಿಮಾನಗಳ ಮಾಡೆಲ್ ಮಾಡೋದು ನನ್ನ ಹವ್ಯಾಸ. ಆಗ ಕೈಲಿದ್ದದ್ದು ಜಪಾನಿನ ಝೀರೋ, ಪರ್ಲ್ ಹಾರ್ಬರ್ ಮೇಲೆ ಹಾರಿದ ಮಾದರಿ. ನಿಜದ ರೆಕ್ಕೆ 12 ಮೀಟರ್. 1:72 ಅಳತೆಯಲ್ಲಿ ಹದಿನೇಳು ಸೆಂಟಿಮೀಟರೂ ಇಲ್ಲ. ಅಂಟಿಸೋದು ಎರಡು ದಿನದ ಕೆಲಸ. ಬಣ್ಣ ಆರಿಸೋಕೆ ಮಾತ್ರ ನನಗೆ ಎರಡು ತಿಂಗಳು ಹಿಡೀತು.

ಅಂಗಡಿಯ ಒಂದು ಇಡೀ ಗೋಡೆ 10 ಮಿ.ಲೀ. ಬಾಟಲಿಗಳು. ಮಿಸ್ಟರ್ ಕಲರ್ ಸಾಲಿನಲ್ಲಿ ಜಪಾನ್ ನೌಕಾಪಡೆಯ ಗಾಢ ಹಸಿರೇ ಎರಡಿದೆ, ಒಂದು ಮಿತ್ಸುಬಿಷಿಯದ್ದು, ಇನ್ನೊಂದು ನಕಾಜಿಮಾದ್ದು. ಝೀರೋ ವಿನ್ಯಾಸ ಮಿತ್ಸುಬಿಷಿಯದ್ದಾದ್ರೂ ಹೆಚ್ಚು ವಿಮಾನ ತಯಾರಿಸಿದ್ದು ನಕಾಜಿಮಾ. ಒಂದೇ ವಿಮಾನ, ಎರಡು ಫ್ಯಾಕ್ಟರಿ, ಎರಡು ಹಸಿರು.

ನನಗೆ ಬೇಕಿದ್ದದ್ದು ಹಸಿರಲ್ಲ. 1941ರಲ್ಲಿ ಝೀರೋ ಮೈಪೂರ್ತಿ ಒಂದೇ ತಿಳಿ ಬಣ್ಣ. ಅದು ಬೂದು ಅಂತ ಒಂದು ಗುಂಪು, 'ಅಮೆ-ಇರೊ' ಅಂತ ಇನ್ನೊಂದು. ಅಮೆ ಅಂದ್ರೆ ಜಪಾನಿನ ಪಾಕದ ಮಿಠಾಯಿ. ನಮ್ಮ ತಿಳಿ ಬೆಲ್ಲದ ಪಾಕ ನೆನೆಸ್ಕೊಳ್ಳಿ. 1942ರ ನೌಕಾಪಡೆಯ ಸಂಶೋಧನಾ ವರದಿಯೊಂದು ಬೂದು ಬಣ್ಣವೇ, ಆದ್ರೆ ಸ್ವಲ್ಪ ಅಮೆ ಕಡೆಗೆ ವಾಲುತ್ತೆ ಅನ್ನುತ್ತೆ. ಆ 'ಸ್ವಲ್ಪ' ಎಷ್ಟು ಅಂತಲೇ ಜಗಳ. ಉಳಿದಿರೋ ಲೋಹದ ಚೂರುಗಳು ಕಂದು ಛಾಯೆಯಲ್ಲಿವೆ. ಮೂಲ ಬಣ್ಣವೇ ಅದು ಅಂತ ಕೆಲವರು, ವಯಸ್ಸಾಗಿ ಹಳದಿಗಟ್ಟಿದ್ದು ಅಂತ ಕೆಲವರು. ಆ ಕಾಲದ ಫೋಟೊಗಳೋ, ಹೆಚ್ಚುಕಡಿಮೆ ಎಲ್ಲಾ ಕಪ್ಪುಬಿಳುಪು.

ಹಾಗಾಗಿ ಮುಂದಿನ ಶನಿವಾರ ಜಿಂಬೋಚೊ, ಟೋಕಿಯೋದ ಹಳೇ ಪುಸ್ತಕಗಳ ಪೇಟೆ. ನೂರಕ್ಕೂ ಹೆಚ್ಚು ಅಂಗಡಿ. ಮುಖ್ಯರಸ್ತೆಯಲ್ಲಿ ಹೆಚ್ಚಿನವು ದಕ್ಷಿಣದ ಬದಿಯಲ್ಲಿ, ಉತ್ತರಕ್ಕೆ ಮುಖ ಮಾಡಿ ನಿಂತಿವೆ, ಬಿಸಿಲಿಗೆ ಪುಸ್ತಕ ಮಾಸಬಾರದು ಅಂತ. ಬಣ್ಣ ಮಾಸೋ ವಿಷಯಕ್ಕೇ ತಲೆಕೆಡಿಸಿಕೊಂಡಿದ್ದ ನನಗೆ ಈ ಬೀದಿ ತಕ್ಷಣ ಹಿಡಿಸಿತು.

ಒಂದು ಸಣ್ಣ ಅಂಗಡಿಯಲ್ಲಿ ಫೋನಿನ ಅನುವಾದ ಹಿಡಿದು ವಯಸ್ಸಾದ ಮಾಲೀಕರನ್ನ ಕೇಳಿದೆ. ಅವರು ಏಣಿ ಹತ್ತಿ ಮೂರು ಪುಸ್ತಕ ಇಳಿಸಿದ್ರು. ಮೂರರಲ್ಲೂ ಅದೇ ಝೀರೋ: ಒಂದರಲ್ಲಿ ಬೆಳ್ಳಿಬೂದು, ಇನ್ನೊಂದರಲ್ಲಿ ಹಸಿರು ಮಿಶ್ರಿತ ಬೂದು, ಮೂರನೇದರಲ್ಲಿ ಕಾಫಿ ಚೆಲ್ಲಿದ ಹಾಗೆ. ನನ್ನ ಮುಖ ನೋಡಿ ನಕ್ಕರು. ಅಚ್ಚಿನ ಶಾಯಿಯನ್ನ ಯಾಕೆ ನಂಬಬೇಕು ಅಂತಲೂ ಅನ್ನಿಸ್ತು, ಆದ್ರೂ ಎರಡು ಪುಸ್ತಕ ಕೊಂಡೆ.

ಅದೇ ರಸ್ತೆ ಹಿಡಿದು ಪಶ್ಚಿಮಕ್ಕೆ ನಡೆದ್ರೆ, ಕುಡಾನ್ ಏರು ಹತ್ತಿದ ಮೇಲೆ ಯಾಸುಕುನಿ ದೇಗುಲ. 1978ರಿಂದ 'ಎ' ದರ್ಜೆಯ ಯುದ್ಧಾಪರಾಧಿಗಳನ್ನೂ ಅಲ್ಲಿ ಸೇರಿಸಿ ಪೂಜಿಸೋದಕ್ಕೆ ಚೀನಾ, ಕೊರಿಯಾದವರಿಗೆ ಸಿಟ್ಟಿದೆ. ಸುಮ್ನೆ ಬಂದ ಸಿಟ್ಟಲ್ಲ ಅದು. ಆವರಣದ ಯೂಶುಕಾನ್ ಮ್ಯೂಸಿಯಂನ ಲಾಬಿಯಲ್ಲೇ ಒಂದು ಝೀರೋ ನಿಂತಿದೆ, ಟಿಕೆಟ್ ಬೇಡ. ಯುದ್ಧದ ಕೊನೆಗಾಲದ 52ನೇ ಮಾದರಿ, ಮೇಲೆ ಹಸಿರು. ರಿವೆಟ್‌ಗಳ ಫೋಟೊ ಐವತ್ತಾದ್ರೂ ತೆಗೆದಿರ್ತೀನಿ.

ಆಮೇಲೆ ಟಿಕೆಟ್ ತಗೊಂಡು ಒಳಗೆ ಹೋದೆ. ಸತ್ತವರ ಸಣ್ಣ ಸಣ್ಣ ಫೋಟೊಗಳು ಸಾಲು ಸಾಲು, ಮನೆಗೆ ಬರೆದ ಕಾಗದಗಳು. ವಾಪಸ್ ಬರಲ್ಲ ಅಂತ ಗೊತ್ತಿದ್ದೇ ವಿಮಾನ ಹತ್ತಿದ ಹುಡುಗರಲ್ಲಿ ಹೆಚ್ಚಿನವರು ನನಗಿಂತ ಹತ್ತು ವರ್ಷ ಚಿಕ್ಕವರು. ನಮ್ಮ ಕಾಲೇಜಿನ ಗ್ರೂಪ್ ಫೋಟೊ ಥರ ಮುಖಗಳು. ಅವರ ವಿಮಾನ ಬಡಿದ ಹಡಗುಗಳಲ್ಲಿ ಸತ್ತವರ ಫೋಟೊ ನನಗಲ್ಲಿ ಕಾಣಲಿಲ್ಲ. ಬ್ಯಾಗಲ್ಲಿ ಪುಸ್ತಕ ಭಾರ ಅನ್ನಿಸ್ತಿತ್ತು. ಆವತ್ತು ಇನ್ಯಾವ ಅಂಗಡಿಗೂ ಹೋಗಲಿಲ್ಲ.

ವಾಪಸ್ ಬರೋ ವಾರ ಇನ್ನೊಂದು ಪಾಠ. ಕೊಂಡಿದ್ದ ನಾಲ್ಕು ಬಾಟಲಿಯೂ ದ್ರಾವಕದ ಬಣ್ಣ, ಬೆಂಕಿ ಹಿಡಿಯೋ ಸಾಮಾನು, ವಿಮಾನದಲ್ಲಿ ತರೋ ಹಾಗಿಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬರ ಮಗನಿಗೆ ಕೊಟ್ಟುಬಂದೆ. ಪುಸ್ತಕ ಮಾತ್ರ ಜೊತೆಗೆ ಬಂತು.

ಬೆಂಗಳೂರಲ್ಲಿ ನಾನೇ ಬೆರೆಸಿದೆ. ತಿಳಿ ಬೂದು, ಎರಡು ಹನಿ ಹಳದಿ, ಕಡ್ಡಿತುದಿಯಷ್ಟು ಕಂದು, ಮಾಡೆಲ್ ಚಿಕ್ಕದಾದ್ದರಿಂದ ಕೊಂಚ ಬಿಳಿ. ಕಿಟ್ಟಿನ ಜೊತೆ ಬಂದಿದ್ದ ಪೈಲಟ್ ಗೊಂಬೆಯನ್ನ ಕೂರಿಸಲಿಲ್ಲ, ಸೀಟು ಖಾಲಿ ಇದೆ.

ಬಣ್ಣ ಒಣಗೋಕೆ ಇಟ್ಟಿದ್ದನ್ನ ಅಮ್ಮ ಬಗ್ಗಿ ನೋಡಿದಳು. "ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮನೆ ಹಳೇ ಫ್ಯಾನಿನ ಬಣ್ಣ ಅಲ್ವೇನೋ ಇದು?"