ಹತ್ತು ಅಂಕದ ಉತ್ತರ

ಕಳೆದ ವರ್ಷ ದೊಡ್ಡಪ್ಪನ ಹೊಸ ಮನೆ ಗೃಹಪ್ರವೇಶ. ಊಟದ ಎರಡನೇ ಪಂಕ್ತಿ ನಡೀತಿತ್ತು. ಬಡಿಸೋರಿಗೆ ಏನೋ ಹೇಳ್ತಾ ನಿಂತಿದ್ದ ದೊಡ್ಡಪ್ಪ ಹಾಗೇ ಕುಸಿದು ಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಅಂಗಾಲು ಉಜ್ಜಿದರು. ನಾನು ಕಾರಿನ ಕೀ ಹುಡುಕೋಕೆ ಓಡಿದೆ. "ನೀನು ನರ್ಸಿಂಗ್ ಓದ್ತಿದೀಯಲ್ವೇನೆ, ಏನಾದ್ರೂ ಮಾಡೇ!" ಅಂತ ದೊಡ್ಡಮ್ಮ ನನ್ನ ತಂಗಿಗೆ ಕೂಗಿ ಹೇಳಿದರು.

ಅವಳು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದಳು, ಕುತ್ತಿಗೆ ಮುಟ್ಟಿದಳು, ಮತ್ತೆ ಮಣಿಕಟ್ಟು ಹಿಡಿದಳು. ಕೈ ನಡುಗ್ತಿತ್ತು. ಎದೆ ಮೇಲೆ ಕೈ ಇಡಲೇ ಇಲ್ಲ. ನಾವು ಆಸ್ಪತ್ರೆ ತಲುಪೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ರಾತ್ರಿ ಅವಳು ಬಾಯಿಬಿಟ್ಟಳು. "ಅಣ್ಣ, ನಂಗೆ ಎಲ್ಲಾ ಗೊತ್ತಿತ್ತು ಕಣೋ. ಸಿಪಿಆರ್ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಚಿತ್ರ ಸಮೇತ ಬರೆದಿದ್ದೆ. ಆದ್ರೆ ಸಿಕ್ಕಿದ್ದು ಅವರ ನಾಡಿಯೋ, ನನ್ನ ಬೆರಳಿನ ಬಡಿತವೋ ಗೊತ್ತಾಗ್ಲಿಲ್ಲ. ಒತ್ತಿ ಪಕ್ಕೆಲುಬು ಮುರಿದರೆ ಅಂತ ಭಯ ಆಯ್ತು."

ಮೊದಲ ವರ್ಷ ಅವರ ಕಾಲೇಜಿನಲ್ಲಿ ಬಿಎಲ್‌ಎಸ್, ಅಂದರೆ ಜೀವ ಉಳಿಸೋ ಪ್ರಾಥಮಿಕ ತರಬೇತಿ ಆಗಿತ್ತಂತೆ. ಇಡೀ ಬ್ಯಾಚಿಗೆ ಒಂದೇ ಬೊಂಬೆ. ಅವಳ ಸರದಿಗೆ ಒಂದು ನಿಮಿಷವೂ ಸಿಕ್ಕಿರಲಿಲ್ಲ. ಸರ್ಟಿಫಿಕೇಟ್ ಮಾತ್ರ ಎಲ್ಲರಿಗೂ ಸಿಕ್ಕಿತ್ತು.

ನಿಯಮ ಹೇಳೋಕೆ ಸುಲಭ. ಕುಸಿದವರು ಕೂಗಿದರೂ ಏಳದೆ, ಉಸಿರಾಡದೆ ಇದ್ದರೆ 108ಕ್ಕೆ ಫೋನ್ ಮಾಡಿಸಿ ಎದೆಯ ನಡುವೆ ಒತ್ತಬೇಕು. ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗಾಳಿಗೆ ತಡಕಾಡಿದರೆ ಅದು ಉಸಿರಾಟ ಅಲ್ಲ. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಒತ್ತಬೇಕು. ತರಬೇತಿ ಪಡೆದವರು ಕೂಡ ನಾಡಿ ಹುಡುಕೋಕೆ 10 ಸೆಕೆಂಡಿಗಿಂತ ಹೆಚ್ಚು ತಗೋಬಾರದು. ಅನುಮಾನ ಇದ್ದರೆ ಶುರು ಮಾಡೋದೇ ಸರಿ. ಮುರಿದ ಪಕ್ಕೆಲುಬು ಕೂಡುತ್ತೆ, ನಿಂತ ಹೃದಯ ಕಾಯೋದಿಲ್ಲ.

ಆಮೇಲೆ ಓದಿದಾಗ ನಂಗೆ ಒಂದು ವಿಷಯ ಚುಚ್ಚಿತು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಿಂದ ಈ ವಿಧಾನವನ್ನು ಲೋಕಕ್ಕೆ ತಿಳಿಸಿದ ಮೂವರಲ್ಲಿ ಒಬ್ಬರಾದ ವಿಲಿಯಂ ಕೌವೆನ್‌ಹೋವೆನ್ ಮೂಲತಃ ಎಲೆಕ್ಟ್ರಿಕಲ್ ಎಂಜಿನಿಯರ್. ಇದಕ್ಕೆ ಬೇಕಿರೋದು ಎರಡು ಕೈ ಅಷ್ಟೇ ಅನ್ನೋದು ಅವರ ತಂಡದ ಮಾತಿನ ಸಾರ. ಎರಡು ಕೈ ನಂಗೂ ಇದ್ದವು. ನಾನೂ ಎಂಜಿನಿಯರೇ. ಆದರೂ ಅವತ್ತು ಎಲ್ಲ ಭಾರವನ್ನೂ ಇಪ್ಪತ್ತರ ಹುಡುಗಿ ಮೇಲೆ ಹಾಕಿದ್ವಿ.

ಅಭ್ಯಾಸ ಇಲ್ಲದಿದ್ದರೆ ಕಲಿತಿದ್ದು ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋಗುತ್ತೆ. ಈಗ ತಂಗಿ ಮತ್ತು ಮೂವರು ಗೆಳತಿಯರು ಮೇಡಂ ಹತ್ರ ಲ್ಯಾಬ್ ಕೀ ಇಸ್ಕೊಂಡು ತಿಂಗಳಿಗೊಂದು ಶನಿವಾರ ಬೊಂಬೆ ಮುಂದೆ ಕೂರ್ತಾರೆ. ನಾನೂ ಒಂದು ತರಬೇತಿಗೆ ಹೋದೆ. ಎರಡು ನಿಮಿಷಕ್ಕೆ ಬೆವತು ಹೋದೆ. ನಿಮ್ಮ ಮನೇಲಿ ಮೆಡಿಕಲ್, ನರ್ಸಿಂಗ್ ಓದೋರಿದ್ದರೆ ಅಂಕ ಕೇಳೋ ಮೊದಲು ಇದನ್ನು ಕೇಳಿ: ಕೊನೇ ಸಲ ಬೊಂಬೆ ಮೇಲೆ ಒತ್ತಿದ್ದು ಯಾವಾಗ?

ಮೊನ್ನೆ ವರ್ಷದ ತಿಥಿ ಮುಗಿದ ಮೇಲೆ ದೊಡ್ಡಮ್ಮ, "ನಂಗೂ ಹೇಳಿಕೊಡೇ" ಅಂದರು. ತಂಗಿ ಗಟ್ಟಿ ದಿಂಬೊಂದನ್ನು ನೆಲದ ಮೇಲಿಟ್ಟಳು. ದೊಡ್ಡಮ್ಮ ಸ್ವಲ್ಪ ಹೊತ್ತು ಒತ್ತಿ ತಲೆ ಎತ್ತಿದರು.

"ಇಷ್ಟೇನಾ?"

"ಇಷ್ಟೇ ದೊಡ್ಡಮ್ಮ. ಆದ್ರೆ ನಿಲ್ಲಿಸಬಾರದು."