ನೆರೆಗೆ ನೆರವು

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂತಹ ಊರಿನ ಶಾಲೆಯಲ್ಲಿ ಹಣ ಕೂಡಿಸುವಾಗ ಮೊದಲು ಏಳುವ ಪ್ರಶ್ನೆ ಒಂದೇ: ಈ ಹಣ ಊರಿಗೋ, ಹೊರಗಿನವರಿಗೋ? ತರಗತಿಯಲ್ಲಿ ನೋಟುಪುಸ್ತಕವಿಲ್ಲದ ಬಾಲಕನೊಬ್ಬ ಕುಳಿತಿರುವಾಗ ಎಲ್ಲವನ್ನೂ ದೂರದವರಿಗೆ ಕೊಟ್ಟರೆ, 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯೇ ನಿಜವಾದೀತು. ಆದುದರಿಂದ ಕಣ್ಣೆದುರಿನ ಕೊರತೆಯೇ ಮೊದಲು.

ಆದರೆ 'ಮೊದಲು' ಎಂದರೆ 'ಮಾತ್ರ' ಎಂದಲ್ಲ. 2001ರ ಜನವರಿ 26ರಂದು ಗುಜರಾತಿನಲ್ಲಿ ಭೂಮಿ ನಡುಗಿದಾಗ ನಮ್ಮ ನಾಡಿನ ಮಕ್ಕಳೂ ಕಾಸು ಕೂಡಿಸಿದರು. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆಯರು ಉಕ್ಕಿ ರಾಯಚೂರು ಜಿಲ್ಲೆಯ ಹಳ್ಳಿಗಳು ಮುಳುಗಿದಾಗ, ಇಲ್ಲಿನವರ ಹೆಸರನ್ನೂ ಅರಿಯದ ಜನರು ಅಕ್ಕಿ, ಬಟ್ಟೆ ಕಳುಹಿಸಿದರು. ಅವರೂ 'ನಮ್ಮ ಊರು ಮಾತ್ರ' ಎಂದಿದ್ದರೆ? ಪಕ್ಕದ ಗೆಳೆಯನಿಗೆ ಮೊದಲು ನೀಡಿದ ಕೈ, ದೂರದ ಆಪತ್ತಿಗೂ ಒಂದು ಪಾಲು ಎತ್ತಿಡಲಿ.